ಮನೆಯ ಚೊಂಬೂ ಹಳೆಯ ಚಂದಮಾಮವೂ



ಸೌಂದರ್ಯವೆಂಬುದು ದೇವಾಲಯದ ಶಿಲ್ಪದಲ್ಲಿಯೂ ಅರಮನೆಯ ಚಿತ್ರಶಾಲೆಯಲ್ಲಿಯೂ ಮಾತ್ರವೇ ಇರತಕ್ಕದ್ದೆಂದು ನಮ್ಮಲ್ಲಿ ಅನೇಕರು ಭಾವಿಸಿರುವರು. ಅಡಿಗೆಯ ಮನೆಯಲ್ಲಿ ಅದನ್ನು ಹುಡುಕುವವರು ವಿರಳ. ನನ್ನ ಅಭಿಪ್ರಾಯವು ಇದಕ್ಕೆ ಭಿನ್ನವಾದುದು. ದಿನವೂ ಕೈಗೆ ಬರುವ ವಸ್ತುವು ಚೆನ್ನಾಗಿ ರೂಪುಗೊಂಡಿದ್ದರೆ ಅದು ದಿನವೂ ಸಂತೋಷವನ್ನು ಕೊಡುವುದು. ಆ ಸಂತೋಷವನ್ನು ಕಂಡುಕೊಳ್ಳುವುದೂ ವಿದ್ಯೆಯ ಒಂದು ಭಾಗವೇ ಸರಿ.

ನಮ್ಮ ಮನೆಗಳ ಚೊಂಬನ್ನೇ ನೋಡಿರಿ. ಅಮೇರಿಕಾದ ಪ್ರಸಿದ್ಧ ವಿನ್ಯಾಸಕ ದಂಪತಿಗಳಾದ ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ಎಂಬವರು ಭಾರತ ಸರಕಾರದ ಆಹ್ವಾನದ ಮೇರೆಗೆ ಬಂದು, ದೇಶವನ್ನು ಸುತ್ತಿ ನೋಡಿ, 1958ರ ಏಪ್ರಿಲಿನಲ್ಲಿ ಒಂದು ವರದಿಯನ್ನು ಒಪ್ಪಿಸಿದರು. ತಾವು ಇಲ್ಲಿ ಕಂಡು ಮೆಚ್ಚಿದ ವಸ್ತುಗಳಲ್ಲೆಲ್ಲಾ ಬಹುಶಃ ಈ ಬಡ ಚೊಂಬೇ ಶ್ರೇಷ್ಠವೂ ಸುಂದರವೂ ಆದುದೆಂದು ಅವರು ಅದರಲ್ಲಿ ಬರೆದರು. ಎಷ್ಟು ನೀರು ಹಿಡಿಯಬೇಕು, ಯಾರ ಕೈ ಅದನ್ನು ಎತ್ತುವುದು, ತಲೆಯ ಮೇಲೋ ಸೊಂಟದ ಮೇಲೋ ಹೊರುವುದು, ತುಂಬಿದಾಗ ತೂಕವು ಹೇಗೆ ನಿಲ್ಲುವುದು, ಬಗ್ಗಿಸಿದಾಗ ನೀರು ಹೇಗೆ ಸುರಿಯುವುದು, ಒಳಗೆ ಕೈಹಾಕಿ ತೊಳೆಯಲಾಗುವುದೇ ಎಂಬೀ ಪ್ರಶ್ನೆಗಳಿಗೆಲ್ಲಾ ಆ ಒಂದು ಆಕಾರವು ಉತ್ತರ ಕೊಡುತ್ತದೆ. ಅದನ್ನು ಯಾವನೊಬ್ಬ ಪಂಡಿತನೂ ಕುಳಿತು ರಚಿಸಲಿಲ್ಲ. ತಲೆಮಾರುಗಳ ಕೈಗಳು ಅದನ್ನು ತಿದ್ದಿದವು. ಅವರ ಆ ವರದಿಯ ಫಲವಾಗಿಯೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಸ್ಥಾಪಿತವಾಯಿತು. ನಮ್ಮ ಹಿತ್ತಿಲಿನ ಬಚ್ಚಲಲ್ಲಿದ್ದುದನ್ನು ಪರದೇಶದವರು ಬಂದು ತೋರಿಸಬೇಕಾಯಿತಲ್ಲವೇ?

ಇದನ್ನು ಹೇಳುವಾಗ ನನ್ನ ತಪ್ಪನ್ನೂ ಹೇಳಿಬಿಡುವುದು ನ್ಯಾಯ. ನಮ್ಮ ತಾಯಿಯವರ ಬಳಿ ಕತ್ತಿನ ಬಳಿ ಸಣ್ಣ ತಗ್ಗು ಬಿದ್ದ ಒಂದು ಹಿತ್ತಾಳೆಯ ಚೊಂಬು ಇತ್ತು. ನಾನು ಶಾಲೆಯ ಹುಡುಗಿಯಾಗಿದ್ದಾಗ, ಗೆಳತಿಯರ ಮನೆಗಳಲ್ಲಿ ಬಣ್ಣದ ಪ್ಲಾಸ್ಟಿಕ್ ಪಾತ್ರೆಗಳನ್ನು ಕಂಡು, ನಮ್ಮದು ಹಳೆಯದೆಂದು ನಾಚಿ, ಬೀದಿಗೆ ಬಂದ ಪಾತ್ರೆಯವನಿಗೆ ಅದನ್ನು ತೂಕಕ್ಕೆ ಕೊಡಿಸಿದೆನು. ಬದಲಿಗೆ ಬಂದುದು ಎರಡು ಬೋಗುಣಿಗಳು. ಮುಂದಿನ ಬೇಸಗೆಯೊಳಗಾಗಿ ಎರಡೂ ಸೀಳಿದವು. ತಾಯಿಯವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ; ಆದರೆ ನೀರು ಕುಡಿಯುವಾಗ ಅವರ ಕೈಯು ಆ ಚೊಂಬಿನ ಕತ್ತನ್ನು ಹುಡುಕುತ್ತಿದ್ದುದನ್ನು ನಾನು ಕಂಡಿರುವೆನು.

ಹಾಗಿದ್ದಾಗ್ಯೂ ಹಳೆಯದೆಲ್ಲವೂ ಒಳ್ಳೆಯದೆಂದು ನಾನು ವಾದಿಸುವವಳಲ್ಲ. ಹುಣಿಸೆಹಣ್ಣು ಬೂದಿಗಳಿಂದ ಹಿತ್ತಾಳೆಯನ್ನು ತಿಕ್ಕಿ ತಿಕ್ಕಿ ಕೈ ಸೀಳಿಸಿಕೊಂಡವರು ಹೆಂಗಸರೇ. ಹುಳಿ ಹಾಕುವ ಪಾತ್ರೆಗೆ ಕಲಾಯಿ ಹಾಕಿಸಲು ಕಾದವರೂ ಅವರೇ. ಉಕ್ಕಿನ ಪಾತ್ರೆಯು ಆ ದುಡಿಮೆಯನ್ನು ತಗ್ಗಿಸಿತು. ಒಂದರೊಳಗೊಂದು ಕೂರುವ ಉಕ್ಕಿನ ಡಬ್ಬಿಗಳೂ ಸುಂದರವೇ. ಹಳತು ಹೊಸತೆಂಬುದು ಇಲ್ಲಿಯ ಪ್ರಶ್ನೆಯಲ್ಲ; ಯೋಚಿಸಿ ಮಾಡಿದ ವಸ್ತು ಯಾವುದು, ಯೋಚಿಸದೆ ಮಾಡಿದುದು ಯಾವುದು ಎಂಬುದೇ ಪ್ರಶ್ನೆ.

ಇನ್ನು ನೆನಪಿಗಾಗಿ ಕೂಡಿಡುವ ವಸ್ತುಗಳ ವಿಚಾರ. ಮೈಸೂರು ಸಂಸ್ಥಾನದಲ್ಲಿ 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆಯು ಆರಂಭವಾದ ಮೇಲೆ ಹುಟ್ಟಿದ ಮೈಸೂರು ಸ್ಯಾಂಡಲ್ ಸಾಬೂನಿನ ಅಂಡಾಕಾರದ ಬಿಲ್ಲೆಯನ್ನೂ, ಆನೆಯ ತಲೆ ಸಿಂಹದ ಮೈಯುಳ್ಳ ಶರಭದ ಮುದ್ರೆಯನ್ನೂ ಅರಿಯದ ಕನ್ನಡಿಗರಿಲ್ಲ. ಅದರ ಬರಿದಾದ ಪೆಟ್ಟಿಗೆಯನ್ನು ಸೀರೆಗಳ ನಡುವೆ ಇಟ್ಟ ಅಜ್ಜಿಯರಿಗೆ ಸಂಗ್ರಹಕಾರರೆಂಬ ಬಿರುದು ಬೇಕಾಗಿರಲಿಲ್ಲ. ಪರಿಮಳವು ವ್ಯರ್ಥವಾಗಬಾರದೆಂಬುದಷ್ಟೇ ಅವರ ಆಸೆ. ಇಂತಹ ಕೂಡಿಡುವಿಕೆಯು ಮೆಚ್ಚತಕ್ಕದ್ದು.

ಇದಕ್ಕೆ ವಿರುದ್ಧವಾದುದೂ ಉಂಟು. ‘ಚಂದಮಾಮ’ ಮಾಸಪತ್ರಿಕೆಯು 1947ರ ಜುಲೈಯಲ್ಲಿ ತೆಲುಗು ತಮಿಳುಗಳಲ್ಲಿ ಹೊರಟು, ಬಳಿಕ ಕನ್ನಡಕ್ಕೂ ಬಂದು, ಮಕ್ಕಳ ಮನಸ್ಸನ್ನು ದಶಕಗಳ ಕಾಲ ಆಳಿತು. ಹೆಗಲ ಮೇಲೆ ಬೇತಾಳನನ್ನು ಹೊತ್ತು ನಡೆಯುವ ವಿಕ್ರಮನ ಚಿತ್ರವನ್ನು ಬರೆದ ಶಂಕರ್ ಅವರ ಹೆಸರನ್ನರಿಯದವರೂ ಆ ಚಿತ್ರವನ್ನು ಬಲ್ಲರು. ಪತ್ರಿಕೆಯು ನಿಂತುಹೋದ ಮೇಲೆ ಹಳೆಯ ಸಂಚಿಕೆಗಳಿಗೆ ಬೆಲೆ ಬಂದಿತು. ನನ್ನ ಬಂಧುಗಳೊಬ್ಬರು ತಮ್ಮಲ್ಲಿದ್ದವನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟು, ಪುಟಗಳು ಮುದುಡುವುವೆಂದು ಮಕ್ಕಳಿಗೆ ಮುಟ್ಟಗೊಡಲಿಲ್ಲ. ಒಂದು ಮಳೆಗಾಲದ ತರುವಾಯ ಪೆಟ್ಟಿಗೆಯನ್ನು ತೆರೆದಾಗ ಗೆದ್ದಲು ಅವನ್ನು ಓದಿ ಮುಗಿಸಿತ್ತು! ಮಕ್ಕಳು ಓದಿ ಹರಿದಿದ್ದರೆ ಕತೆಗಳಾದರೂ ಉಳಿಯುತ್ತಿದ್ದುವು. ಆದುದರಿಂದ ಬಳಸುವುದಕ್ಕೆ ಮಾಡಿದುದನ್ನು ಬಳಸತಕ್ಕದ್ದು, ಓದುವುದಕ್ಕೆ ಬರೆದುದನ್ನು ಓದತಕ್ಕದ್ದು. ಬೆಲೆ ಏರಲೆಂದು ಮಾತ್ರ ಬಚ್ಚಿಡುವವನು ವಸ್ತುವನ್ನು ಪ್ರೀತಿಸುವವನಲ್ಲ.

ಸೋದರಿಯರೇ, ಮುಂದೆ ನೀವು ನಿಮ್ಮ ಸಂಪಾದನೆಯಿಂದ ಅನೇಕ ವಸ್ತುಗಳನ್ನು ಕೊಳ್ಳುವಿರಿ. ಕೊಳ್ಳುವ ಮುನ್ನ ಅದನ್ನು ಕೈಯಲ್ಲಿ ಹಿಡಿದು ನೋಡಿರಿ. ಇದು ತನ್ನ ಕೆಲಸವನ್ನು ಸರಿಯಾಗಿ ಮಾಡುವುದೇ, ಮುರಿದರೆ ಸರಿಪಡಿಸಬಹುದೇ, ಹತ್ತು ವರ್ಷಗಳ ತರುವಾಯವೂ ಇದನ್ನು ಕಂಡರೆ ಮನಸ್ಸು ಹಿಗ್ಗುವುದೇ ಎಂದು ಕೇಳಿಕೊಳ್ಳಿರಿ.

ನಮ್ಮ ತಾಯಿಯವರ ಚೊಂಬು ಇನ್ನು ಮರಳಿ ಬಾರದು. ನಿಮ್ಮ ಮನೆಯದು ಅಟ್ಟದ ಮೇಲೆ ಇನ್ನೂ ಇದ್ದರೆ, ಈ ರಜೆಯಲ್ಲಿ ಅದನ್ನು ಕೆಳಗಿಳಿಸಿ, ಬೆಳಗಿ, ನೀರು ತುಂಬಿ, ಊಟದ ಮನೆಯಲ್ಲಿಡಿರಿ. ಬೆಳಗುವ ಕೆಲಸವನ್ನು ತಾಯಿಗೆ ಬಿಡದೆ ನೀವೂ ನಿಮ್ಮ ಅಣ್ಣತಮ್ಮಂದಿರೂ ಸೇರಿ ಮಾಡಿರಿ.