ಮದ್ದಿನ ಬೆಲೆಯೂ ತಿಂಗಳುಗಳ ಲೆಕ್ಕವೂ

ಗ್ಲಿವೆಕ್ ಎಂಬ ಕ್ಯಾನ್ಸರ್ ಮದ್ದಿನ ಹೆಸರು ಮೊದಲ ಸಲ ಕಿವಿಗೆ ಬಿದ್ದ ದಿನಗಳನ್ನು ನಮ್ಮಲ್ಲಿ ಹಲವರು ಮರೆತಿರಲಾರರು. 2001ರ ಮೇನಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಾಗ ‘ಟೈಮ್’ ಪತ್ರಿಕೆ ಆ ಗುಳಿಗೆಗಳನ್ನು ಬಂದೂಕಿನ ಗುಂಡುಗಳಂತೆ ಮುಖಪುಟದಲ್ಲಿ ಮೆರೆಸಿತ್ತು. ಆ ಒಂದು ಮದ್ದಿನ ಮಟ್ಟಿಗೆ ಅದು ಬರೀ ಅಬ್ಬರವಾಗಿರಲಿಲ್ಲ. ಒಂದು ಬಗೆಯ ರಕ್ತಕ್ಯಾನ್ಸರಿಗೆ ಅದನ್ನು ಕೊಟ್ಟು ನೋಡಿದ ದೊಡ್ಡ ಪ್ರಯೋಗದಲ್ಲಿ ಹತ್ತು ವರ್ಷ ಕಳೆದರೂ ನೂರಕ್ಕೆ 83 ಮಂದಿ ಬದುಕಿದ್ದರು. ಬೆಲೆ ಮಾತ್ರ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ. ನಮ್ಮ ಕಂಪನಿಗಳು ಅದನ್ನೇ ಎಂಟು-ಹತ್ತು ಸಾವಿರಕ್ಕೆ ಮಾಡಿಕೊಡುತ್ತಿದ್ದವು. ಗ್ಲಿವೆಕ್ ತಯಾರಿಸುವ ನೊವಾರ್ಟಿಸ್ ಕಂಪನಿ ಪೇಟೆಂಟಿಗಾಗಿ ಚೆನ್ನೈಯಿಂದ ದೆಹಲಿಯವರೆಗೆ ಹೋರಾಡಿ, 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟಿನಲ್ಲಿ ಸೋತಿತು. (ಸಾವಿರಾರು ರೋಗಿಗಳಿಗೆ ಅದೇ ಕಂಪನಿ ಮದ್ದನ್ನು ಪುಕ್ಕಟೆ ಕೊಟ್ಟಿದ್ದೂ ನಿಜ.) ಅದಕ್ಕೂ ವರ್ಷ ಮುಂಚೆ, ಬೇಯರ್ ಕಂಪನಿಯ ನೆಕ್ಸಾವರ್ ಎಂಬ ಕ್ಯಾನ್ಸರ್ ಮದ್ದನ್ನು ತಯಾರಿಸಲು ಹೈದರಾಬಾದಿನ ನ್ಯಾಟ್ಕೋ ಕಂಪನಿಗೆ ಸರ್ಕಾರವೇ ಕಡ್ಡಾಯ ಪರವಾನಗಿ, ಅಂದರೆ ಪೇಟೆಂಟ್ ಒಡೆಯರ ಒಪ್ಪಿಗೆ ಇಲ್ಲದೆಯೂ ತಯಾರಿಸುವ ಅನುಮತಿ, ಕೊಟ್ಟಿತ್ತು. 2.8 ಲಕ್ಷದ ತಿಂಗಳ ಮದ್ದು 8,800 ರೂಪಾಯಿಗೆ ಇಳಿಯಿತು. ನಾವು ಹಿಗ್ಗಿದೆವು, ಹಿಗ್ಗಬೇಕಾದ್ದೇ.

ಆ ಹಿಗ್ಗಿನಲ್ಲಿ ಒಂದು ಪ್ರಶ್ನೆ ಕೇಳದೇ ಉಳಿಯಿತು: ಈ ಮದ್ದುಗಳು ಆಯುಷ್ಯಕ್ಕೆ ಎಷ್ಟು ದಿನ ಕೂಡಿಸುತ್ತವೆ? ಪಿತ್ತಜನಕಾಂಗದ ಕ್ಯಾನ್ಸರಿನಲ್ಲಿ ನೆಕ್ಸಾವರ್ ಕೂಡಿಸಿದ ಆಯುಷ್ಯ ಸರಾಸರಿ ಮೂರು ತಿಂಗಳೂ ಇರಲಿಲ್ಲ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ 2005ರಲ್ಲಿ ಅಮೆರಿಕ ಒಪ್ಪಿದ ಎರ್ಲೋಟಿನಿಬ್‌ನಿಂದ ಸಿಕ್ಕಿದ್ದು ಎರಡು ವಾರದೊಳಗಿನ ಲಾಭ. ಗ್ಲಿವೆಕ್ ಅಪವಾದವಾಗಿತ್ತು, ನಾವು ಅದನ್ನೇ ನಿಯಮವೆಂದುಕೊಂಡೆವು. ಆಸ್ಪತ್ರೆಯೊಂದರ ಎದುರಿನ ಮೆಡಿಕಲ್ ಶಾಪಿನಲ್ಲಿ, ಸ್ಕ್ಯಾನ್ ಫಿಲ್ಮುಗಳ ಕವರನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದವರೊಬ್ಬರು, “ಎರಡೆಕರೆ ಮಾರಿದ್ರೆ ಎಷ್ಟು ತಿಂಗಳಿಗಾಗ್ತದಪ್ಪಾ?” ಎಂದು ಕೇಳಿದ್ದನ್ನು ಕಂಡಿದ್ದೇನೆ. ಹುಡುಗ ಕ್ಯಾಲ್ಕುಲೇಟರ್ ಒತ್ತಿ “ಏಳು” ಎಂದ. ಅವನು ಹೇಳಿದ್ದು ಗುಳಿಗೆಯ ಲೆಕ್ಕ. ಅವರು ತಲೆಯಾಡಿಸಿದ ರೀತಿ ನೋಡಿದರೆ ಮನೆಯಾಕೆಯ ಆಯುಷ್ಯದ ಲೆಕ್ಕವೆಂದೇ ತಿಳಿದಂತಿತ್ತು.

ಆಮೇಲಿನ ಹತ್ತು ವರ್ಷಗಳನ್ನು ಬರೀ ನಷ್ಟದ ಖಾತೆಗೆ ಬರೆಯಲಾಗದು. 2014ರಲ್ಲಿ ಬೆಂಗಳೂರಿನ ಬಯೋಕಾನ್ ಸ್ತನ ಕ್ಯಾನ್ಸರಿನ ಟ್ರಾಸ್ಟುಜುಮ್ಯಾಬ್ ಅನ್ನು ಮೂಲ ಮದ್ದಿಗಿಂತ ಅಗ್ಗವಾಗಿ ತಂದಿತು. ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಬಿಡುವ ಇಮ್ಯುನೋಥೆರಪಿ ಬಂತು. ಆಯ್ದ ಕೆಲವು ಶ್ವಾಸಕೋಶ ಕ್ಯಾನ್ಸರ್ ರೋಗಿಗಳಲ್ಲಿ ಐದು ವರ್ಷ ಬದುಕುವವರ ಪ್ರಮಾಣ ಅದರಿಂದ ಇಮ್ಮಡಿಯಾಯಿತು. 2024ರ ಬಜೆಟ್ಟಿನಲ್ಲಿ ಮೂರು ಕ್ಯಾನ್ಸರ್ ಮದ್ದುಗಳ ಆಮದು ಸುಂಕ ತೆಗೆದರು. ತುದಿಯ ಎಲೆ ಕಿತ್ತಂತಾಯಿತು, ಬೆಲೆಯ ಬುಡ ಅಲ್ಲಾಡಲಿಲ್ಲ.

ಈ ಅವಧಿಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಅಷ್ಟೇನೂ ಸುದ್ದಿಯಾಗದ ಒಂದು ಕೆಲಸ. ಗುಟ್ಕಾ, ಬೀಡಿಗಳ ನಾಡಿನಲ್ಲಿ ತಲೆ-ಕುತ್ತಿಗೆಯ ಕ್ಯಾನ್ಸರಿಗೆ ಬರಗಾಲವಿಲ್ಲ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಅಗ್ಗದ ಗುಳಿಗೆಗಳ ಜೊತೆ ನಿವೋಲುಮ್ಯಾಬ್ ಎಂಬ ಇಮ್ಯುನೋಥೆರಪಿ ಮದ್ದನ್ನು ವಾಡಿಕೆಯ ಪ್ರಮಾಣದ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ ಕೊಟ್ಟು ನೋಡಿದರು. ವರ್ಷ ದಾಟಿದವರು ಗುಳಿಗೆ ಮಾತ್ರ ಪಡೆದವರಲ್ಲಿ ನೂರಕ್ಕೆ 16 ಮಂದಿ, ಇದನ್ನೂ ಪಡೆದವರಲ್ಲಿ 43. ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ತನ್ನ ಮದ್ದು ಕಡಿಮೆ ಖರ್ಚಾಗಲಿ ಎಂದು ಯಾವ ಕಂಪನಿಯೂ ಇಂಥ ಪ್ರಯೋಗಕ್ಕೆ ದುಡ್ಡು ಸುರಿಯದು. ಸುಂಕ ಬಿಟ್ಟುಕೊಟ್ಟ ಸರ್ಕಾರ ಇಂಥ ಪ್ರಯೋಗಗಳಿಗೆ ಇನ್ನಷ್ಟು ಕೈ ಬಿಚ್ಚಬಹುದು.