ಪೇಲಿಯೋ ಊಟ ಔರಾದಕ್ಕೆ ಹೊಂದುತ್ತಾ? ರೊಟ್ಟಿ ಬಿಟ್ಟವರು ಬೇಳೆಯನ್ನೂ ಬಿಟ್ಟರೆ ಲೆಕ್ಕ ತಪ್ಪುತ್ತದೆ

ಔರಾದ: ಬಸ್ ನಿಲ್ದಾಣದ ಎದುರಿನ ಚಹಾ ಅಂಗಡಿಯಲ್ಲಿ, ಅಡತಿ ಅಂಗಡಿಯ ಗಾದಿ ಮೇಲೆ, ಮದುವೆ ಪಂಕ್ತಿಯಲ್ಲಿ ಈಗ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ: 'ನಾ ರೊಟ್ಟಿ ಬಿಟ್ಟೀನ್ರಿ.' ಶುಗರ್ ಬಂತೆಂದು ಅನ್ನ ಬಿಟ್ಟವರು ಮೊದಲೂ ಇದ್ದರು. ಅವರಿಗೆ ರೊಟ್ಟಿಯೇ ಔಷಧ ಅಂತ ಹೇಳಲಾಗುತ್ತಿತ್ತು. ರೊಟ್ಟಿಯನ್ನೂ ಬಿಟ್ಟು ಮೊಟ್ಟೆ, ಪನೀರ್, ತುಪ್ಪ, ಬಾದಾಮಿ ಹಿಡಿದವರು ಹೊಸಬರು. ಮೊಬೈಲ್‌ನಲ್ಲಿ ನೋಡಿದ್ದು, ಹೈದರಾಬಾದ್‌ನ ಬೀಗರು ಹೇಳಿದ್ದು, ಎಲ್ಲ ಸೇರಿ ಇದಕ್ಕೆ 'ಪೇಲಿಯೋ' ಅನ್ನೋ ಹೆಸರು ಬಿದ್ದಿದೆ.

ಹೆಸರಿನ ಅರ್ಥ ಶಿಲಾಯುಗದ ಊಟ. ಒಕ್ಕಲುತನ ಶುರುವಾಗುವ ಮೊದಲು, ಅಂದರೆ ಸುಮಾರು 10 ಸಾವಿರ ವರ್ಷ ಹಿಂದಿನ ತನಕ, ಮನುಷ್ಯ ತಿಂದದ್ದನ್ನೇ ತಿನ್ನಬೇಕು ಅನ್ನುವುದು ಇದರ ಮೂಲ ವಾದ. ಮಾಂಸ, ಮೀನು, ಮೊಟ್ಟೆ, ಸೊಪ್ಪು, ತರಕಾರಿ, ಹಣ್ಣು, ಬೀಜ ಸೈ. ಜೋಳ, ಗೋಧಿ, ಅಕ್ಕಿ ಬೇಡ. ಸಕ್ಕರೆ ಬೇಡ. ಬೇಳೆಕಾಳು ಬೇಡ, ಹಾಲು ಮೊಸರೂ ಬೇಡ. 1985ರಲ್ಲಿ ಈಟನ್ ಮತ್ತು ಕಾನರ್ ಎಂಬ ಇಬ್ಬರು ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದರು. 2002ರಲ್ಲಿ ಲೋರೆನ್ ಕಾರ್ಡೇನ್ ಅವರ ಪುಸ್ತಕ ಬಂದ ಮೇಲೆ ಜಗತ್ತಿನ ತುಂಬಾ ಹಬ್ಬಿತು. ತಮಿಳುನಾಡಿನಲ್ಲಿ ನಿಯಾಂಡರ್ ಸೆಲ್ವನ್ ಇದನ್ನು ತಮಿಳು ಅಡುಗೆಮನೆಗೆ ಒಗ್ಗಿಸಿದರು. ನಮ್ಮ ಮಗ್ಗುಲಿಗಿರುವ ತೆಲುಗು ನಾಡಿನಲ್ಲಿ 2017-18ರ ಹೊತ್ತಿಗೆ ವಿಜಯವಾಡದ ವೀರಮಾಚನೇನಿ ರಾಮಕೃಷ್ಣ ಅವರ 'ವಿಆರ್‌ಕೆ ಡಯಟ್' ದೊಡ್ಡ ಸುದ್ದಿ ಆಯಿತು. ದಿನಕ್ಕೆ 70ರಿಂದ 100 ಗ್ರಾಂ ಕೊಬ್ಬು, ನಾಲ್ಕು ಲೀಟರ್ ನೀರು, ನಿಂಬೆಹಣ್ಣು, ವಿಟಮಿನ್ ಗುಳಿಗೆ. ಅದು ಹೆಸರಿಗೆ ಪೇಲಿಯೋ ಅಲ್ಲ, ಆದರೆ 'ಧಾನ್ಯ ಬಂದ್' ಅನ್ನೋ ಮಾತು ಒಂದೇ. ಬೀದರ್ ಜಿಲ್ಲೆಯ ಅರ್ಧ ನೆಂಟಸ್ತಿಕೆ ಹೈದರಾಬಾದ್ ಕಡೆಗೇ ಇರುವುದರಿಂದ ಇದು ಔರಾದಕ್ಕೆ ಬಂದ ದಾರಿ ಹುಡುಕಬೇಕಾಗಿಲ್ಲ.

ಹಾಗಾದರೆ ಇದು ಬರೀ ಹುಚ್ಚಾ? ಹಾಗೂ ಹೇಳಲಾಗದು. ಇವರು ಕೇಳುವ ಪ್ರಶ್ನೆ ಖರೆ ಇದೆ. ಉತ್ತರದಲ್ಲಿ ಅರ್ಧ ಮಾತ್ರ ನಮಗೆ ಬರೋಬ್ಬರಿ.

ತಟ್ಟೆಯಲ್ಲಿ ಏನು ಹೆಚ್ಚಾಗಿದೆ

ಐಸಿಎಂಆರ್ ದೇಶದ ತುಂಬಾ ನಡೆಸಿದ ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಹೇಳಿದ್ದು: ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ, ವಯಸ್ಕರಲ್ಲಿ ಶೇ 11.4. ಅದೇ ಸಮೀಕ್ಷೆಯ ಊಟದ ಲೆಕ್ಕ 2025ರ ಸೆಪ್ಟೆಂಬರ್ ಕೊನೆಗೆ ಹೊರಬಂತು. ಭಾರತೀಯರ ಊಟದ ಶಕ್ತಿಯಲ್ಲಿ ಶೇ 62 ಪಿಷ್ಟದಿಂದ, ಅಂದರೆ ಅನ್ನ, ರೊಟ್ಟಿ, ಚಪಾತಿ, ಸಕ್ಕರೆಯಿಂದ. ಪ್ರೋಟೀನ್ ಪಾಲು ಶೇ 12ರ ಆಸುಪಾಸು.

ಅದರಲ್ಲಿ ನಮ್ಮ ಭಾಗದವರಿಗೆ ಸ್ವಲ್ಪ ಕಹಿ ಅನ್ನಿಸುವ ಮಾತೂ ಒಂದಿದೆ. ಅಕ್ಕಿ ಮೈದಾ ಬಿಟ್ಟು ಅಷ್ಟೇ ಪ್ರಮಾಣದ ಗೋಧಿ ಅಥವಾ ಸಿರಿಧಾನ್ಯದ ಹಿಟ್ಟು ತಿಂದವರಲ್ಲಿ ಸಕ್ಕರೆ ಕಾಯಿಲೆಯ ಸಾಧ್ಯತೆ ಕಡಿಮೆ ಕಾಣಲಿಲ್ಲ. ಒಟ್ಟು ಪಿಷ್ಟ ಇಳಿಯಬೇಕು. 'ಜೋಳದ ರೊಟ್ಟಿ ಎಷ್ಟು ತಿಂದ್ರೂ ನಡೀತದ' ಅನ್ನೋ ನಂಬಿಕೆಗೆ ಇದು ಪೆಟ್ಟು. ರೊಟ್ಟಿಯಲ್ಲಿ ನಾರು ಇದೆ, ಅನ್ನಕ್ಕಿಂತ ಹೊಟ್ಟೆ ಹೆಚ್ಚು ಹೊತ್ತು ಹಿಡಿಯುತ್ತದೆ, ಅದು ಸುಳ್ಳಲ್ಲ. ಆದರೆ ಹೊಲದಲ್ಲಿ ದಿನವಿಡೀ ದುಡಿದು ನಾಲ್ಕು ರೊಟ್ಟಿ ತಿಂದ ಅಜ್ಜನ ಲೆಕ್ಕವೇ ಬೇರೆ. ಬೆಳಿಗ್ಗೆ 9ರಿಂದ ರಾತ್ರಿ 9ರ ತನಕ ಗಲ್ಲಾಪೆಟ್ಟಿಗೆ ಮುಂದೆ ಕುಂತ ಮೊಮ್ಮಗ ಅದೇ ನಾಲ್ಕು ರೊಟ್ಟಿ ತಿಂದರೆ ಅದು ಎಲ್ಲಿ ಖರ್ಚಾಗಬೇಕು?

ಹಂಗಾರೆ ಏನು ಮಾಡಿದರೆ ಲಾಭ? ಊಟದ ಶಕ್ತಿಯಲ್ಲಿ ಬರೀ ಶೇ 5ರಷ್ಟು ಪಿಷ್ಟ ತೆಗೆದು ಆ ಜಾಗದಲ್ಲಿ ಬೇಳೆಕಾಳು ಅಥವಾ ಹಾಲು-ಮೊಸರಿನ ಪ್ರೋಟೀನ್ ಇಟ್ಟರೆ ಸಕ್ಕರೆ ಕಾಯಿಲೆಯ ಸಾಧ್ಯತೆ ಇಳಿಯುತ್ತದೆ ಅನ್ನೋದು ಆ ಅಧ್ಯಯನದ ಅಂದಾಜು. ಕೆಂಪು ಮಾಂಸ ಇಟ್ಟರೆ ಅಂಥ ಲಾಭ ಕಾಣಲಿಲ್ಲ. ಇದು ಸಮೀಕ್ಷೆಯ ಲೆಕ್ಕವೇ ಹೊರತು ಯಾರಿಗೋ ಉಣ್ಣಿಸಿ ನೋಡಿದ ಪ್ರಯೋಗ ಅಲ್ಲ. ಆದರೂ ದಿಕ್ಕು ಸ್ಪಷ್ಟ ಇದೆ. ಮತ್ತು ಆ ದಿಕ್ಕು ಪೇಲಿಯೋದಿಂದ ಇಲ್ಲಿಗೆ ಬಂದು ಕವಲೊಡೆಯುತ್ತದೆ. ಪೇಲಿಯೋ ಯಾವ ಬೇಳೆ, ಮೊಸರನ್ನು ಬಿಡು ಅನ್ನುತ್ತದೋ, ನಮ್ಮ ದೇಶದ ಲೆಕ್ಕ ಅದನ್ನೇ ಹೆಚ್ಚಿಸು ಅನ್ನುತ್ತದೆ.

ಶೇ 5 ಅಂದರೆ ಎಷ್ಟು? ದಿನಕ್ಕೆ 2,000 ಕ್ಯಾಲರಿ ಉಣ್ಣುವವರಿಗೆ 100 ಕ್ಯಾಲರಿ, ಅಂದರೆ 25 ಗ್ರಾಂ ಪಿಷ್ಟ ಕಡಿಮೆ, 25 ಗ್ರಾಂ ಪ್ರೋಟೀನ್ ಹೆಚ್ಚು. ಐವತ್ತು ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 35 ಗ್ರಾಂ ಪಿಷ್ಟ ಇರುತ್ತದೆ. ಪ್ರೋಟೀನ್ ಕಡೆ ನೋಡಿದರೆ 30 ಗ್ರಾಂ ತೊಗರಿಬೇಳೆಯ ಗಟ್ಟಿ ಬೇಳೆ ಒಂದು ಬಟ್ಟಲು, ಒಂದು ಹಿಡಿ ಶೇಂಗಾ, ಒಂದು ಮೊಟ್ಟೆ, ಒಂದು ದೊಡ್ಡ ಲೋಟ ಮೊಸರು. ಪ್ರತಿಯೊಂದರಲ್ಲೂ 6-7 ಗ್ರಾಂ. ನಾಲ್ಕೂ ಸೇರಿದರೆ ಲೆಕ್ಕ ಮುಗಿಯಿತು. ಮೊಟ್ಟೆ ತಿನ್ನದವರು ಇನ್ನೊಂದು ಬಟ್ಟಲು ಬೇಳೆ ಅಥವಾ ಮೊಳಕೆ ಹೆಸರು ತಿನ್ನಬಹುದು. ಬೇಳೆ, ಶೇಂಗಾದಲ್ಲೂ ಪಿಷ್ಟ, ಕೊಬ್ಬು ಇರುವುದರಿಂದ ಒಂದು ರೊಟ್ಟಿ ಬಿಟ್ಟರೆ ಸಾಲದು, ಎರಡು ಬಿಡಬೇಕಾದೀತು. ನಾಲ್ಕೂ ಬಿಡುವ ಮಾತೇ ಇಲ್ಲ.

ನಮ್ಮ ನಾಡಿನ ಶಿಲಾಯುಗ

ಶಿಲಾಯುಗದ ಮಾತು ಬಂದಾಗ ಯುರೋಪಿನ ಗುಹೆಗೆ ಹೋಗಬೇಕಾಗಿಲ್ಲ. ಕಲ್ಯಾಣ ಕರ್ನಾಟಕದಲ್ಲೇ, ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಅವರ ತಂಡ ಅಗೆದಾಗ ಸುಮಾರು 12 ಲಕ್ಷ ವರ್ಷ ಹಳೆಯದೆಂದು ಅಂದಾಜಿಸಿದ ಕಲ್ಲಿನ ಆಯುಧದ ಕಾರ್ಖಾನೆಯೇ ಸಿಕ್ಕಿತು. ಅಲ್ಲಿನ ಜನ ಬೇಟೆ, ಗೆಡ್ಡೆ, ಹಣ್ಣು ನಂಬಿ ಬದುಕಿದವರು, ನಿಜ. ಆದರೆ ಅದೇ ಭಾಗದ ಬೂದಿಹಾಳದಲ್ಲಿ ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ದನ ಕಟ್ಟಿದ ಜನರ ಬೂದಿದಿಬ್ಬ ಇದೆ. ದಕ್ಷಿಣದ ಇಂಥ ನವಶಿಲಾಯುಗದ ನೆಲೆಗಳಲ್ಲಿ ಸಿಕ್ಕ ಸುಟ್ಟ ಕಾಳುಗಳಲ್ಲಿ ಹೆಸರು, ಹುರಳಿ, ಕೊರಲೆ ಮುಖ್ಯ. ಅಂದರೆ ಈ ನೆಲದ ಒಕ್ಕಲುತನದ ಮೊದಲ ಊಟದಲ್ಲೇ ಕಾಳು ಇತ್ತು, ದನ ಇತ್ತು. ನಾವು 'ನಮ್ಮದು' ಅನ್ನೋ ಜೋಳ ಆಮೇಲೆ ಆಫ್ರಿಕಾದಿಂದ ಬಂದದ್ದು. ಶೇಂಗಾ, ಮೆಣಸಿನಕಾಯಿ ಅಮೆರಿಕ ಖಂಡದ್ದು. ಶೇಂಗಾ ಹಿಂಡಿಯಷ್ಟು ಹಳೇದು ಇನ್ನೊಂದಿಲ್ಲ ಅಂತ ವಾದ ಮಾಡುವವರು ಸ್ವಲ್ಪ ನಿಂದ್ರಬೇಕು.

ಪೇಲಿಯೋದವರು ಹುಡುಕುವ ಊಟಕ್ಕೆ ಔರಾದದಲ್ಲಿ ಹತ್ತಿರ ಬರುವುದು ಯಾವುದು ಅಂತ ಕೇಳಿದರೆ, ಎಳ್ಳಮಾವಾಸ್ಯೆಯ ಭಜ್ಜಿ. ಗಡಿಯ ಆಚೆ ಲಾತೂರ್ ಕಡೆ ಇದನ್ನೇ ವೇಳಾ ಅಮಾವಾಸ್ಯೆ ಅಂತಾರೆ. ಹಸಿ ತೊಗರಿ, ಹಸಿ ಕಡಲೆ, ಅವರೆ, ಬಟಾಣಿ, ಮೆಂತ್ಯ, ಗಜ್ಜರಿ, ಬದನೆ, ಹೊಲದಂಚಿನಲ್ಲಿ ಸಿಕ್ಕ ಸೊಪ್ಪು, ಎಲ್ಲ ಒಂದೇ ಪಾತ್ರೆಯಲ್ಲಿ ಕುದಿಸಿ ಕಡಲೆಹಿಟ್ಟು ಕಲಸಿ ಮಾಡಿದ್ದು. ಜೊತೆಗೆ ಸಜ್ಜೆ ರೊಟ್ಟಿ, ಮಜ್ಜಿಗೆ ಹಾಕಿದ ಅಂಬಲಿ. ಆವತ್ತು ತಟ್ಟೆಯಲ್ಲಿ ಭಜ್ಜಿ ಗುಡ್ಡದಷ್ಟು, ರೊಟ್ಟಿ ಅದಕ್ಕೆ ನೆಪದಷ್ಟು. ಉಳಿದ ದಿನ ಅದೇ ಮನೆಯಲ್ಲಿ ರೊಟ್ಟಿ ಗುಡ್ಡದಷ್ಟು, ಪಲ್ಯ ಅಂಚಿಗೆ ಚೂರು. ಹಬ್ಬದ ತಟ್ಟೆಯನ್ನು ವಾರಕ್ಕೆ ಮೂರು ದಿನ ಮಾಡಿದರೆ ಬಾದಾಮಿ ತರಲು ಬೀದರ್‌ಗೆ ಹೋಗುವ ಕೆಲಸ ಇಲ್ಲ.

ಯಾರಿಗೆ ಅಪಾಯ

ಇಲ್ಲಿ ಒಂದು ವಿಷಯ ಹಗುರ ಮಾಡುವಂಥದ್ದಲ್ಲ. ಶುಗರ್ ಗುಳಿಗೆ ತಗೋತಾ ಒಂದೇ ದಿನಕ್ಕೆ ರೊಟ್ಟಿ, ಅನ್ನ ನಿಲ್ಲಿಸುವವರಿದ್ದಾರೆ. ಗ್ಲಿಮೆಪಿರೈಡ್ ಥರದ ಗುಳಿಗೆ ಅಥವಾ ಇನ್ಸುಲಿನ್ ತಗೊಳ್ಳುವವರಲ್ಲಿ ಊಟದ ಪಿಷ್ಟ ಏಕಾಏಕಿ ಇಳಿದರೆ ರಕ್ತದ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ಬೆವರು, ನಡುಕ, ಕಣ್ಣುಕತ್ತಲೆ, ಕೆಲವೊಮ್ಮೆ ಪ್ರಜ್ಞೆ ತಪ್ಪುವುದು. ಸಂತಪುರ, ಠಾಣಾಕುಶನೂರ ಕಡೆಯ ಹಳ್ಳಿಯಲ್ಲಿ ರಾತ್ರಿ ಹೊತ್ತು ಹೀಗಾದರೆ ಗಾಡಿ ಹುಡುಕಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ತಡ ಆಗಬಹುದು. ಡಾಪಾಗ್ಲಿಫ್ಲೋಜಿನ್ ಥರದ, ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಗುಳಿಗೆ ಈಗ ಅಗ್ಗಕ್ಕೆ ಸಿಗುತ್ತದೆ. ಅದನ್ನು ನುಂಗುತ್ತಾ ಪಿಷ್ಟ ಪೂರ್ತಿ ಬಿಟ್ಟರೆ ರಕ್ತ ಹುಳಿಯಾಗುವ ಕೀಟೋ ಆಸಿಡೋಸಿಸ್ ಅಪಾಯ ಇದೆ, ಅದೂ ಮೀಟರ್‌ನಲ್ಲಿ ಸಕ್ಕರೆ ತೀರಾ ಹೆಚ್ಚು ತೋರಿಸದೆಯೇ. ಕಿಡ್ನಿ ತೊಂದರೆ ಇದ್ದವರು ಪ್ರೋಟೀನ್ ಹೆಚ್ಚಿಸುವ ಮೊದಲು, ಬಸುರಿ ಬಾಣಂತಿಯರು ಊಟ ಬದಲಿಸುವ ಮೊದಲು ಡಾಕ್ಟರ್ ಮುಂದೆ ಕೂರಲೇಬೇಕು. ಊಟ ಕಡಿಮೆ ಮಾಡುವ ದಿನವೇ ಗುಳಿಗೆಯ ಪ್ರಮಾಣವೂ ಬದಲಾಗಬೇಕಾಗಬಹುದು. ಅದನ್ನು ಹೇಳುವುದು ವಿಡಿಯೋದವರ ಕೆಲಸ ಅಲ್ಲ.

ಗಲ್ಲಾದ ಚಹಾ

ಅಂಗಡಿಕಾರರ ವಿಷಯದಲ್ಲಿ ರೊಟ್ಟಿಗಿಂತ ಮೊದಲು ನೋಡಬೇಕಾದ್ದು ಚಹಾ. ಗಿರಾಕಿ ಬಂದರೆ ಚಹಾ, ಮಾಲು ಬಂದರೆ ಚಹಾ, ಉದ್ರಿ ವಸೂಲಿಗೆ ಹೋದರೆ ಅಲ್ಲೂ ಚಹಾ. ಕಪ್ಪಿಗೆ ಎರಡು ಚಮಚೆ ಸಕ್ಕರೆ ಅಂದರೆ ಸುಮಾರು 10 ಗ್ರಾಂ. ಐದು ಕಪ್ಪಿಗೆ 50 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ ಅಲ್ಲಿಗೇ ಮುಗಿಯಿತು, ಅದರ ಅರ್ಧಕ್ಕೆ ಇಳಿಸಿದರೆ ಒಳ್ಳೇದು ಅಂತಲೂ ಅದೇ ಸಂಸ್ಥೆ ಹೇಳುತ್ತದೆ. ಜೊತೆಗೆ ಖಾರಿ, ಟೋಸ್ಟ್, ಸಂಜೆ ಮಿರ್ಚಿ ಭಜಿ. ರೊಟ್ಟಿ ಬಿಟ್ಟು ಚಹಾ ಬಿಡದವರು ಇಳಿಸಿದ್ದೇನು? ಖಾರಿಯ ಜಾಗಕ್ಕೆ ಪುಟಾಣಿ, ಹುರಿದ ಶೇಂಗಾ ಇಟ್ಟುಕೊಳ್ಳಬಹುದು, ಎರಡೂ ಸ್ವಂತ ಕಿರಾಣಿಯಲ್ಲೇ ಇರುವ ಮಾಲು.

ರೇಷನ್ ಚೀಲದ ಲೆಕ್ಕ

ಪನೀರ್, ತುಪ್ಪ, ಮಟನ್ ಕೊಂಡು ಪೇಲಿಯೋ ಮಾಡುವವರು ತಾಲ್ಲೂಕಿನಲ್ಲಿ ಎಷ್ಟು ಮನೆ? ಕೂಲಿ ಮನೆಯ, ತಾಂಡಾದ ಊಟ ತೀರ್ಮಾನ ಆಗುವುದು ನ್ಯಾಯಬೆಲೆ ಅಂಗಡಿಯಲ್ಲಿ. 2025ರ ಫೆಬ್ರುವರಿಯಿಂದ ತಲೆಗೆ ತಿಂಗಳಿಗೆ 10 ಕೆ.ಜಿ. ಕೊಡುವುದೆಂದು ಸರ್ಕಾರ ತೀರ್ಮಾನಿಸಿತು. ಅದೆಲ್ಲ ಅಕ್ಕಿಯೇ ಆಗಿ, ಎಲ್ಲ ಉಂಡರೆ ದಿನಕ್ಕೆ ಸುಮಾರು 330 ಗ್ರಾಂ, ಅಂದರೆ 1,150 ಕ್ಯಾಲರಿ. ಎರಡು ಸಾವಿರದಲ್ಲಿ ಅರ್ಧಕ್ಕಿಂತ ಹೆಚ್ಚು ಅನ್ನವೊಂದರಿಂದಲೇ. ಹೈದರಾಬಾದ್‌ನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಎಲ್ಲ ಧಾನ್ಯ ಸೇರಿ ಶೇ 45 ದಾಟಬಾರದು, ಬೇಳೆಕಾಳು, ಮಾಂಸ ಸೇರಿ ಶೇ 15ರವರೆಗೆ ಇರಲಿ ಅಂದಿದೆ. (ಅಷ್ಟೂ ಅಕ್ಕಿ ಮನೆಯಲ್ಲೇ ಬೇಯುತ್ತದಾ ಅನ್ನೋದು ಅಂಗಡಿಯವರಿಗೆ ಗೊತ್ತಿರುವ ವಿಷಯ.)

ಹಾಗಾಗಿ 2025ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ಒಪ್ಪಿದ 'ಇಂದಿರಾ ಕಿಟ್' ಬರೀ ರಾಜಕೀಯದ ಸುದ್ದಿ ಅಲ್ಲ. ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಕೊಡುವ ತೀರ್ಮಾನ ಅದು. ಅಕ್ಕಿ ಇಳಿದು ಬೇಳೆ ಏರುವುದು ಸಮೀಕ್ಷೆ ಹೇಳಿದ ದಾರಿಯೇ. ಸಕ್ಕರೆ ಯಾಕೆ ಸೇರಿತೋ, ಅದರ ಜಾಗದಲ್ಲಿ ಇನ್ನಷ್ಟು ಬೇಳೆ ಕೊಟ್ಟಿದ್ದರೆ ಕಿಟ್ ಇನ್ನೂ ನೆಟ್ಟಗಿರುತ್ತಿತ್ತು. ಶಾಲೆಯ ಮಟ್ಟಿಗೆ ಇಂಥ ಕೆಲಸ ಮೊದಲೇ ಆಗಿದೆ. 2021ರ ಡಿಸೆಂಬರ್‌ನಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ಮೊದಲ ಏಳು ಜಿಲ್ಲೆಗಳಲ್ಲಿ ಬೀದರ್ ಇತ್ತು. ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ಬೇಡ ಅಂದ ಮಕ್ಕಳಿಗೆ ಬಾಳೆಹಣ್ಣು ಅಂತಾಯಿತು. ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್, ಬಾಳೆಹಣ್ಣಿನಲ್ಲಿ 1 ಗ್ರಾಂ. ಸಸ್ಯಾಹಾರಿ ಮನೆಯವರು ಜಗಳ ಬಿಟ್ಟು ಈ 5 ಗ್ರಾಂ ಎಲ್ಲಿಂದ ತರೋದು ಅಂತ ಕೇಳಿದ್ದರೆ ಚೆನ್ನಾಗಿತ್ತು.

ಬೀದರ್‌ನಿಂದ ಒಂದು ತಾಸಿನ ದಾರಿ ಪಸ್ತಾಪುರ. ಜಹೀರಾಬಾದ್ ಬಳಿಯ ಈ ಊರಿನ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಹೆಣ್ಣುಮಕ್ಕಳು 1990ರ ದಶಕದಲ್ಲೇ ಬೀಳುಬಿದ್ದ ಹೊಲದಲ್ಲಿ ಜೋಳ ಬೆಳೆದು, ಅದನ್ನೇ ಊರಿನ ಬಡವರಿಗೆ ರೇಷನ್ ಆಗಿ ಹಂಚಿದರು. ಇದರ ಹಿಂದೆ ನಿಂತ ಪಿ.ವಿ. ಸತೀಶ್ ಮೈಸೂರಿನವರು, 2023ರಲ್ಲಿ ತೀರಿಕೊಂಡರು. ಅಕ್ಕಿ ದೂರದಿಂದ ಬರಬೇಕಾಗಿಲ್ಲ ಅಂತ ಅವರು ತೋರಿಸಿದರು. ಔರಾದದ ಹೊಲದಲ್ಲಿ ಈಗ ಏನಿದೆ? ಮುಂಗಾರಿಗೆ ಸೋಯಾ, ರಾಜ್ಯದಲ್ಲೇ ಬೀದರ್ ಮುಂದು. ಅದು ಎಣ್ಣೆ ಗಿರಣಿಗೆ ಹೋಗುತ್ತದೆ, ತಟ್ಟೆಗೆ ಬರುವುದಿಲ್ಲ. ತೊಗರಿ, ಉದ್ದು, ಹೆಸರು ಇವೆ. ಅವೂ ರಾಶಿ ಆದ ಕೂಡಲೇ ಅಡತಿಗೆ ಹೋಗಿ, ಮಳೆಗಾಲದಲ್ಲಿ ಬೇಳೆಯಾಗಿ ಪಾಕೀಟಿನಲ್ಲಿ ವಾಪಸ್ ಬರುತ್ತವೆ.

ಐದು ಜನರ ಮನೆಗೆ ತಲೆಗೆ ದಿನಕ್ಕೆ 30 ಗ್ರಾಂ ಬೇಳೆ ಅಂದರೆ ವರ್ಷಕ್ಕೆ ಸುಮಾರು 55 ಕೆ.ಜಿ. ಕ್ವಿಂಟಲ್ ತೊಗರಿಗೆ 70 ಕೆ.ಜಿ. ಬೇಳೆ ಬೀಳುತ್ತದೆ ಅಂತ ಹಿಡಿದರೆ 80 ಕೆ.ಜಿ. ತೊಗರಿ ಸಾಕು. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ, ಆ ಲೆಕ್ಕದಲ್ಲಿ 6,400 ರೂಪಾಯಿಯ ಮಾಲು. ಮೊದಲು ಇದನ್ನು 'ಮನೆ ಖರ್ಚಿಂದು' ಅಂತ ಬೇರೆ ಚೀಲದಲ್ಲಿ ಕಟ್ಟಿಡುತ್ತಿದ್ದರು. ಈ ಸಲದ ರಾಶಿಯಲ್ಲಿ ಆ ಚೀಲ ಮನೆಯೊಳಗೆ ಉಳಿಯುತ್ತದಾ, ಇಲ್ಲಾ ಉಳಿದ ಚೀಲಗಳ ಜೊತೆ ಟೆಂಪೋ ಏರುತ್ತದಾ ಅನ್ನೋದು ಜನವರಿಯಲ್ಲಿ ಗೊತ್ತಾಗಲಿದೆ.