ಎರಡು ಮನೆ, ಒಂದು ಅಡ್ರೆಸ್: ಲಕೋಟೆ ಒಡೆಯೋರು ಯಾರು?

ಕ್ಯಾಪ್ಶನ್ ಉದ್ದ ಇದೆ. ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

1/6
ನಮ್ ಕ್ಲಾಸಲ್ಲಿ ಸುಮಾರು ಜನಕ್ಕೆ ಎರಡು ಮನೆ. ವಾರವೆಲ್ಲ ಬೆಂಗಳೂರಿನ ಪಿಜಿ, ಹಬ್ಬಕ್ಕೆ ರಜೆಗೆ ಊರು. ನಂದು ಚಿಕ್ಕಮಗಳೂರು. ಈ ಸಲ ಯುಗಾದಿ ಮುಗಿಸಿ ಬರುವಾಗ ಅಪ್ಪನ ಹಳೇ ಕಾರನ್ನೂ ತಂದೆ. ಕೆಎ-18 ನಂಬರ್ ಪ್ಲೇಟ್ ನೋಡಿದ ರೂಮ್‌ಮೇಟ್ ಕೇಳಿದ ಮೊದಲ ಪ್ರಶ್ನೆ: "ಲೈಸೆನ್ಸಲ್ಲಿ ಊರಿನ ಅಡ್ರೆಸ್, ಇರೋದು ಇಲ್ಲಿ. ಪೊಲೀಸ್ ಹಿಡಿದ್ರೆ ಫೈನ್ ಅಲ್ವಾ?"

ಸುಮಾರು ವಾರಗಳಾದ ಮೇಲೆ ಮತ್ತೆ ಅದೇ ಮಾತು ಬಂತು. ನೋಡೇಬಿಡೋಣ ಅಂತ ಎಂಪರಿವಾಹನ್ ಆಪ್ ತೆಗೆದೆ. ಅಡ್ರೆಸ್ಸಲ್ಲಿ ಏನೂ ತೊಂದರೆ ಇರಲಿಲ್ಲ. ಆದ್ರೆ ಇನ್ಶೂರೆನ್ಸ್ ಮುಗಿದು 19 ದಿನ ಆಗಿತ್ತು. ಆ 19 ದಿನಾನೂ ನಾನು ಸಿಲ್ಕ್ ಬೋರ್ಡ್ ದಾಟಿದ್ದೆ.

2/6
ಮೊದಲು ರೂಮ್‌ಮೇಟ್ ಪ್ರಶ್ನೆಗೆ ಉತ್ತರ. ನಮ್ಮ ಡ್ರೈವಿಂಗ್ ಲೈಸೆನ್ಸ್ ಇಡೀ ದೇಶಕ್ಕೆ ನಡೆಯುತ್ತೆ. ಕಾರಿನ ವಿಷಯಕ್ಕೆ ಬಂದ್ರೆ, ಮೋಟಾರು ವಾಹನ ಕಾಯ್ದೆ 1988ರ 49ನೇ ಸೆಕ್ಷನ್ ಪ್ರಕಾರ ಮಾಲೀಕರು ಆರ್‌ಸಿಯಲ್ಲಿರೋ ವಿಳಾಸದ ವಾಸ ಬಿಟ್ಟರೆ 30 ದಿನದೊಳಗೆ ಆರ್‌ಟಿಓಗೆ ಹೊಸ ವಿಳಾಸ ತಿಳಿಸಬೇಕು. ನಮ್ಮ ಕಾರಿನ ಮಾಲೀಕರು ಅಪ್ಪ, ಅವರು ಊರಲ್ಲೇ ಇದ್ದಾರೆ. ಹಾಗಾಗಿ ಅಲ್ಲೇನೂ ಬದಲಾಗಿಲ್ಲ. ಕರ್ನಾಟಕದೊಳಗೆ ಎಲ್ಲಿಗೆ ತಂದರೂ ನಂಬರ್ ಬದಲಾಯಿಸಬೇಕಿಲ್ಲ. ಪುಣೆಗೋ ಹೈದರಾಬಾದಿಗೋ ಹೋಗಿ 12 ತಿಂಗಳು ಮೀರಿ ಗಾಡಿ ಅಲ್ಲೇ ಇಟ್ಟರೆ ಮಾತ್ರ ಆ ರಾಜ್ಯದ ಹೊಸ ನಂಬರ್ ಬೇಕು.

3/6
ಹಾಗಾದ್ರೆ ತಪ್ಪಾಗಿದ್ದು ಎಲ್ಲಿ? ಪಾಲಿಸಿಯಲ್ಲಿ ಇದ್ದಿದ್ದು ಅಪ್ಪನ ಹಳೇ ಸಿಮ್ಮಿನ ನಂಬರ್. ಆ ಸಿಮ್ ಬಂದ್ ಆಗಿ ಯಾವ ಕಾಲ ಆಯ್ತೋ. ರಿನ್ಯೂವಲ್ ಪತ್ರ ಊರಿನ ಮನೆಗೆ ಬಂದಿದೆ. ಕಾರು ಮಗಳ ಹತ್ರ ಇದೆ, ಅವಳೇ ನೋಡ್ಕೋತಾಳೆ ಅಂತ ಅಮ್ಮ ಅದನ್ನ ಟಿವಿ ಮೇಲೆ ಇಟ್ಟಿದ್ದಾರೆ. ನಾನು, ಕಾರು ಅಪ್ಪಂದು, ಅವರೇ ನೋಡ್ಕೋತಾರೆ ಅಂದ್ಕೊಂಡಿದ್ದೆ. ಎರಡು ಮನೆ ಇದ್ದೂ ಆ ಲಕೋಟೆ ಒಡೆಯೋರು ಒಬ್ಬರೂ ಇರಲಿಲ್ಲ.

4/6
"ಸಿಕ್ಕಿಬಿದ್ರೆ ಎರಡು ಸಾವಿರ ತಾನೇ?" ಅಂತ ಒಬ್ಬ ಫ್ರೆಂಡ್ ಅಂದ. ಇನ್ಶೂರೆನ್ಸ್ ಇಲ್ಲದೆ ಓಡಿಸಿದ್ರೆ ಮೊದಲ ಸಲ 2,000 ರೂಪಾಯಿ ದಂಡ, ನಿಜ. ಮೂರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ. ಆದ್ರೆ ಭಯ ಬೀಳಬೇಕಾದ ವಿಷಯ ಅದಲ್ಲ.

ಥರ್ಡ್ ಪಾರ್ಟಿ ಇನ್ಶೂರೆನ್ಸ್ ನಮಗೋಸ್ಕರ ಇರೋದೇ ಅಲ್ಲ. ನಮ್ಮ ಕಾರಿಗೆ ಸಿಕ್ಕವರಿಗೋಸ್ಕರ. ಆ 19 ದಿನದಲ್ಲಿ ನಾನು ಒಬ್ಬ ಡೆಲಿವರಿ ಹುಡುಗನಿಗೆ ಗುದ್ದಿದ್ದರೆ, ಅವನ ಆಸ್ಪತ್ರೆ ಖರ್ಚಿಗೆ, ಮುರಿದ ಕಾಲಿಗೆ ಟ್ರಿಬ್ಯೂನಲ್ ಪರಿಹಾರ ಕೊಡಿ ಅಂತ ಹೇಳ್ತಿದ್ದಿದ್ದು ಓಡಿಸಿದ ನನಗೆ, ಜೊತೆಗೆ ಮಾಲೀಕರಾದ ಅಪ್ಪನಿಗೆ. ತಪ್ಪು ಬೆಂಗಳೂರಲ್ಲಿ ಆದರೂ ಬೆಲೆ ಕಟ್ಟೋದು ಊರಿನ ತೋಟ. ಅದೂ ಸಾಲದಿದ್ದರೆ ಆ ಹುಡುಗನಿಗೆ ಸಿಗೋದು ಆದೇಶದ ಕಾಗದ ಮಾತ್ರ.

5/6
ಕೆಲವರು, ಪೇಪರೆಲ್ಲ ಬೆಂಗಳೂರು ಅಡ್ರೆಸ್ಸಿಗೆ ಬದಲಾಯಿಸಿಬಿಡಿ ಅಂತಾರೆ. ಯಾವ ದಾಖಲೆ ತೋರಿಸಿ? ಅಡ್ವಾನ್ಸ್ ಎಣಿಸಿಕೊಳ್ಳೋ ಎಷ್ಟೋ ಪಿಜಿ ಓನರ್‌ಗಳು ಬಾಡಿಗೆ ಕರಾರು ಕೇಳಿದ್ರೆ ಮುಖ ತಿರುಗಿಸ್ತಾರೆ. ಆರು ತಿಂಗಳಿಗೊಮ್ಮೆ ಪಿಜಿ ಬದಲಾಯಿಸೋ ನಮಗೆ ಅಲ್ಲಿಗೆ ಬಂದ ಪತ್ರ ಸಿಗೋ ಗ್ಯಾರಂಟಿನೂ ಇಲ್ಲ.

ಇನ್ನು ಕೆಲವರು ಇದರ ಉಲ್ಟಾ. ಬೆಂಗಳೂರಲ್ಲೇ ಓಡಿಸೋ ಹೊಸ ಕಾರನ್ನ ಪ್ರೀಮಿಯಂ ಉಳಿಸೋಕೆ ಅಂತ ಊರಿನ ವಿಳಾಸಕ್ಕೆ ಮಾಡಿಸ್ತಾರೆ. ಬೆಂಗಳೂರು ಸೇರಿ ಎಂಟು ದೊಡ್ಡ ನಗರಗಳು ಎ ವಲಯ, ಉಳಿದದ್ದು ಬಿ. ವ್ಯತ್ಯಾಸ ಬರೋದು ನಮ್ಮ ಕಾರಿನ ಡ್ಯಾಮೇಜ್ ಭಾಗಕ್ಕೆ ಮಾತ್ರ. ಥರ್ಡ್ ಪಾರ್ಟಿ ದರ ಇಂಜಿನ್ ಸಿಸಿ ನೋಡಿ ನಿಗದಿಯಾಗುತ್ತೆ, ಊರು ನೋಡಿ ಅಲ್ಲ. ಆ ಚೂರು ಉಳಿತಾಯಕ್ಕೆ ಸುಳ್ಳು ಬರೆದು, ಕ್ಲೇಮ್ ದಿನ ಅದಕ್ಕೆ ಉತ್ತರ ಕೊಡ್ತಾ ನಿಲ್ಲೋದು ಬೇಕಾ?

ನನ್ನ ಅಳತೆಗೋಲು ಸಿಂಪಲ್. ಊರಿಗೆ ಹೋದಾಗ ನೀವು ಮನೆಯವರಾ, ನೆಂಟರಾ? ಇನ್ನೂ ಮನೆಯವರೇ ಆಗಿದ್ರೆ ಊರಿನ ಅಡ್ರೆಸ್ ಇರಲಿ, ಅದರಲ್ಲಿ ಮೋಸ ಏನಿಲ್ಲ. ನೆಂಟರಾಗಿಬಿಟ್ಟಿದ್ರೆ, ಇಲ್ಲೇ ಮನೆ ಮಾಡಿದ್ರೆ, ಬದಲಾಯಿಸಿ.

6/6
ಅಡ್ರೆಸ್ ಯಾವುದೇ ಇರಲಿ, ಇವತ್ತೇ ಮೂರು ಕೆಲಸ ಮಾಡಿ. ಪಾಲಿಸಿಗೆ ಗಾಡಿ ಓಡಿಸೋರ ಮೊಬೈಲ್ ನಂಬರನ್ನೂ ಸೇರಿಸೋಕೆ ಹೇಳಿ. ಆರ್‌ಸಿ, ಲೈಸೆನ್ಸ್ ಡಿಜಿಲಾಕರಿಗೆ ಹಾಕ್ಕೊಳ್ಳಿ, ಚೆಕಿಂಗಲ್ಲಿ ಅದು ನಡೆಯುತ್ತೆ. ಪಾಲಿಸಿ ಮುಗಿಯೋ ದಿನಾಂಕವನ್ನ ಫ್ಯಾಮಿಲಿ ಗ್ರೂಪಲ್ಲಿ ಪಿನ್ ಮಾಡಿ.

ನಾನು ಅವತ್ತೇ ಕಾರು ನಿಲ್ಲಿಸಿ, ಇನ್‌ಸ್ಪೆಕ್ಷನ್ ಮಾಡಿಸಿ ರಿನ್ಯೂ ಮಾಡಿಸಿದೆ. 90 ದಿನ ದಾಟಿರಲಿಲ್ಲ, ಅದಕ್ಕೆ ಅಪ್ಪನ ನೋ ಕ್ಲೇಮ್ ಬೋನಸ್ ಉಳೀತು. ಆಮೇಲೆ ಅಮ್ಮಂಗೆ ಫೋನ್ ಮಾಡಿ ಹೇಳಿದೆ: ಇನ್ಮೇಲೆ ಯಾವ ಲಕೋಟೆ ಬಂದ್ರೂ ಒಡೆದು ಫೋಟೋ ಕಳಿಸು, ನನ್ನ ಹೆಸರಿಲ್ಲದಿದ್ರೂ.

ಈಗ ಕೆಳಗೆ ಕಮೆಂಟ್ ಮಾಡಿ: ನಿಮ್ಮನೆ ಗಾಡಿ ಇನ್ಶೂರೆನ್ಸ್ ಯಾವತ್ತು ಮುಗಿಯುತ್ತೆ? ನೋಡದೆ ಹೇಳೋಕಾಗದಿದ್ರೆ, ಮೊದಲು ಹೋಗಿ ನೋಡಿ.

#ಎರಡುಮನೆ #ಊರುಮತ್ತುಪಿಜಿ